ಹಣ್ಣಾದ ಕೇಕು

"ಬೇಕರಿಗೆ ಕೊಟ್ಟ ಆರ್ಡರು ಕ್ಯಾನ್ಸಲ್ ಮಾಡಕ್ಕ. ಮೀನಾಳ ಕೇಕು ನಾನೇ ಮಾಡ್ತೀನಿ!"

ಹೀಗೆಂದವನು ನಾನು. ನನ್ನ ಬಾಯಿಯಿಂದಲೇ ಬಂದ ಮಾತು ಎಂದು ನಂಬಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಏಕೆಂದರೆ ನಾನು ಮಾತಾಡುವವನಲ್ಲ. ನನ್ನ ಓದು ಇಂಟರ್ ಮೊದಲ ವರ್ಷಕ್ಕೇ ನಿಂತಿದ್ದೂ ಈ ಬಾಯಿಯ ದೆಸೆಯಿಂದಲೇ. ಮೇಷ್ಟ್ರು ಹಾಜರಿ ಕರೆಯುತ್ತ "ತಿಪ್ಪೇಸ್ವಾಮಿ" ಎಂದಾಗ ನಾನು ಎದ್ದು, ಅಂಗಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು "ಪ್ರೆಸೆಂಟ್ ಸರ್" ಎನ್ನುವಷ್ಟರಲ್ಲಿ ಅವರು ಉಚ್ಚಂಗೆಪ್ಪನನ್ನು ದಾಟಿ ವೆಂಕಟಪ್ಪನ ಹತ್ತಿರ ಹೋಗಿರುತ್ತಿದ್ದರು. ದಿನವೂ ಮೊದಲ ಬೆಂಚಿನಲ್ಲಿ ಕೂತವನು ದಿನವೂ ಆಬ್ಸೆಂಟ್! ಕೊನೆಗೆ ಹಾಜರಿ ಸಾಲದು ಎಂದರು. ಹಾಜರಿದ್ದೆ ಎಂದು ವಾದಿಸಲು ಮತ್ತೆ ಅದೇ ಬಾಯಿ ಬೇಕಲ್ಲ. ಸುಮ್ಮನೆ ಚೀಲ ಎತ್ತಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ನನಗೆ ಹೇಳಿ ಮಾಡಿಸಿದಂಥ ಕೆಲಸ ಕಾದಿತ್ತು. ರೇಷ್ಮೆ ಹುಳ. ಹುಳಗಳು ಹಾಜರಿ ಕರೆಯುವುದಿಲ್ಲ. ನಾಚಿಕೆಯಿಲ್ಲದೆ ಅವುಗಳ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು. ತೆಲುಗು ನಾಡಿನ ಗಡಿಯಲ್ಲಿ, ಮಡಕಶಿರದಿಂದ ಅಮರಾಪುರಕ್ಕೆ ಹೋಗುವ ದಾರಿಯ ನಮ್ಮ ಊರಿನಲ್ಲಿ ಹುಳ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹುಳ ನೋಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಮನಸ್ಸಿನಲ್ಲೇ ಜಂಬ ಪಡುತ್ತಿದ್ದೆ. ಹುಳ ಹಣ್ಣಾಯಿತು ಎನ್ನುತ್ತೇವೆ ನಾವು. ಎಂದರೆ, ಹಿಪ್ಪುನೇರಳೆ ಸೊಪ್ಪು ತಿಂದದ್ದು ಸಾಕಾಗಿ, ಮೈ ತಿಳಿಹಳದಿಗೆ ತಿರುಗಿ, ತಲೆ ಎತ್ತಿಕೊಂಡು ಗೂಡು ಕಟ್ಟಲು ಜಾಗ ಹುಡುಕತೊಡಗಿತು ಎಂದರ್ಥ. ಆಗ ಅದನ್ನು ಕೂಡಲೇ ಆರಿಸಿ ಚಂದ್ರಿಕೆಗೆ, ಅಂದರೆ ಸುತ್ತುಸುತ್ತಾಗಿ ಬಿದಿರಿನ ಪಟ್ಟಿ ಹೆಣೆದ ದೊಡ್ಡ ತಟ್ಟಿಗೆ ಬಿಡಬೇಕು. ತಡ ಮಾಡಿದರೆ ಅದು ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿಬಿಡುತ್ತದೆ. ನಮ್ಮ ಮನೆಯಲ್ಲಿ ಯಾರ ಬಾಯಿಂದ "ಹಣ್ಣು" ಎಂಬ ಮಾತು ಬಂದರೂ ನಾನು ನಿದ್ದೆಯಿಂದಲೂ ಎದ್ದು ಓಡುತ್ತೇನೆ.

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತದ್ದರಿಂದಲೇ ಇಷ್ಟೆಲ್ಲ ಆಯಿತು.

ಮೀನಾ ಎಂದರೆ ನನ್ನ ಅಕ್ಕ ಶಾಂತಕುಮಾರಿಯ ಮಗಳು ಮೀನಾಕ್ಷಿ. ಅಕ್ಕನನ್ನು ನಮ್ಮೂರಿಗೇ ಕೊಟ್ಟಿದೆ. ಮೀನಾ ವ್ಯಾನಿನಲ್ಲಿ ಮಡಕಶಿರದ ಸ್ಕೂಲಿಗೆ ಹೋಗುತ್ತಾಳೆ, ಯುಕೆಜಿ. ಭಾವ ಬಾಲರಾಜು ಹಿಂದೂಪುರದ ಬಸ್ಸಿನಲ್ಲಿ ಕಂಡಕ್ಟರು. ಹೋದ ವರ್ಷ ಅವರೇ ಹಿಂದೂಪುರದಿಂದ ಕೇಕು ತಂದಿದ್ದರು. ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂತು. ಬಸ್ಸಿಗೆ ಬ್ರೇಕಿತ್ತು, ಕೇಕಿಗೆ ಇರಲಿಲ್ಲ. ಡಬ್ಬಿ ತೆಗೆದಾಗ ಮೀನಾ ಅತ್ತ ಅಳು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತ್ತು. ಅದೇ ವರ್ಷ ಅದೇ ವ್ಯಾನಿನ ಅರ್ಚನಾಳಿಗೆ ಗೊಂಬೆ ನಿಂತ ಎರಡು ಸ್ಟೆಪ್ಪಿನ ಕೇಕು ಬಂದಿತ್ತು. ಆ ಎರಡು ಸ್ಟೆಪ್ಪಿನ ಕಥೆಯನ್ನು ಅರ್ಚನಾ ವರ್ಷವೆಲ್ಲ ವ್ಯಾನಿನಲ್ಲಿ ಹೇಳಿದ್ದಳು.

"ಮಾಮ, ಈ ಸಲ ನೀನೇ ಮಾಡು. ನೀನಾದ್ರೆ ಮೆಲ್ಲಗೆ ಮಾಡ್ತೀಯ, ಬೀಳಿಸಲ್ಲ" ಎಂದಳು ಮೀನಾ. ನನ್ನ ಮೆಲ್ಲಗಿನ ಸ್ವಭಾವವನ್ನು ಗುಣ ಎಂದು ಕರೆದ ಮೊದಲ ವ್ಯಕ್ತಿ ಅವಳು. ಅದಕ್ಕೇ ಬಾಯಿ ಜಾರಿತು.

"ನೀನಾ?" ಎಂದಳು ಅಕ್ಕ. "ನೀನು ಬೆಳಿಗ್ಗೆ ಟೀಗಿಟ್ರೆ ಮಧ್ಯಾಹ್ನ ಊಟದ ಜೊತೆ ಕುಡೀಬೇಕು ಕಣೋ!"

"ಇರ್ಲಿ ಬುಡು ಶಾಂತಾ" ಎಂದರು ಭಾವ. "ಬಾಮೈದ ಯಾವತ್ತೂ ಇಲ್ದವ್ನು ಇವತ್ತು ಗಾಡಿ ಹತ್ತವ್ನೆ. ರೈಟ್ ಹೇಳಾನ!"

ಅಕ್ಕ ಬೇಕರಿಗೆ ಫೋನು ಮಾಡಿ ಆರ್ಡರು ಬೇಡವೆಂದಳು. ಇನ್ನು ನಾನು ಕೈಕೊಟ್ಟರೆ ಮೀನಾಳಿಗೆ ಕೇಕೇ ಇಲ್ಲ. ಅಷ್ಟರಲ್ಲಿ ಮೀನಾ ವ್ಯಾನಿನ ಮಕ್ಕಳಿಗೆಲ್ಲ "ನಮ್ಮ ಮಾಮ ಮಾಡೋ ಕೇಕು ಯಾರೂ ನೋಡೇ ಇಲ್ಲ" ಎಂದು ಸಾರಿ ಬಂದಿದ್ದಳು. ಆ ಮಾತು ಎಷ್ಟು ನಿಜವಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

"ಮೇಲೆ ಏನಿರಬೇಕು?" ಎಂದು ಕೇಳಿದೆ.

"ಸುತ್ತ ಹಣ್ಣಿರಬೇಕು. ನಡುವೆ ಸೀತಾಕೋಕಚಿಲುಕ."

"ಚಿಟ್ಟೇನಾ?"

"ಚಿಟ್ಟೆ ಅಲ್ಲ ಮಾಮ. ಚಿಟ್ಟೆ ಅಂದ್ರೆ ನೀನು ಚಿಕ್ಕದು ಮಾಡ್ತೀಯ. ಸೀತಾಕೋಕಚಿಲುಕ!"

ಸ್ಕೂಲಿನಲ್ಲಿ ಕಲಿತ ತೆಲುಗು ಹೆಸರಿನ ಉದ್ದಕ್ಕೆ ತಕ್ಕ ರೆಕ್ಕೆ ಬೇಕೆಂಬುದು ಅವಳ ಲೆಕ್ಕ. ಒಪ್ಪಿಕೊಂಡೆ.

ಅಭ್ಯಾಸಕ್ಕೆಂದು ಮೊದಲೇ ಒಂದು ಕೇಕು ಮಾಡಿದೆ. ಓವನ್ ಎಲ್ಲಿಂದ ಬರಬೇಕು? ದೊಡ್ಡ ಪಾತ್ರೆಯ ತಳಕ್ಕೆ ಮರಳು ಹರವಿ, ಮುಚ್ಚಳ ಮುಚ್ಚಿ, ಗ್ಯಾಸ್ ಒಲೆಯ ಮೇಲಿಟ್ಟೆ. ಫೋನಿನ ವಿಡಿಯೋದಲ್ಲಿ ಒಬ್ಬ ಅಕ್ಕ "ಹಿಟ್ಟನ್ನು ನಿಧಾನವಾಗಿ ಒಂದೇ ದಿಕ್ಕಿಗೆ ಕಲಸಿ" ಎಂದಿದ್ದರು. ನಿಧಾನ ಎಂದರೆ ನನಗೆ ಕಲಿಸಬೇಕೇ? ನಾನು ಕಲಸಿ ಮುಗಿಸುವಷ್ಟರಲ್ಲಿ ಅದರೊಳಗಿನ ಸೋಡಾ ಕಾದು ಕಾದು ಬೇಸತ್ತು ಪ್ರಾಣ ಬಿಟ್ಟಿತ್ತು. ಕೇಕು ಉಬ್ಬಲಿಲ್ಲ. ಚಾಕು ತಾಗಿದರೆ ಟಣ್ ಎಂದಿತು. ನಮ್ಮಪ್ಪ ಯರ್ರಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಚೆನ್ನಾಗೈತೆ ಕಣ್ಲಾ" ಎಂದ. ನನಗೆ ಕಣ್ಣು ತುಂಬಿತು. ಆಮೇಲೆ ನೋಡಿದರೆ ಅದು ಅಂಗಳದ ಇಳಿಜಾರಿನಲ್ಲಿ ನಿಂತ ಟಿವಿಎಸ್ ಗಾಡಿಯ ಹಿಂದಿನ ಚಕ್ರಕ್ಕೆ ಅಡ್ಡ ಕೂತಿತ್ತು. ಗಾಡಿ ಅಲುಗಲಿಲ್ಲ.

ಕೆನೆಯದು ಇನ್ನೊಂದು ಕಥೆ. "ಕೆನೆ ಗಟ್ಟಿಯಾಗುವವರೆಗೆ ಕಡೆಯಿರಿ" ಎಂದಿತ್ತು ವಿಡಿಯೋ. ಮನೆಯ ಎಮ್ಮೆ ಹಾಲಿನ ಕೆನೆ, ಮನೆಯ ಕಡಗೋಲು. ಸಾಲದೇನೋ ಎಂಬ ಅನುಮಾನಕ್ಕೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕಡೆದೆ. ನಮ್ಮಮ್ಮ ಓಬಮ್ಮ ಬಂದು ಇಣುಕಿದಳು.

"ಏನ್ಲಾ ಮಾಡ್ತಿದ್ದೀಯ?"

"ಕೇಕಿಗೆ ಹೂವು ಬಿಡಿಸೋ ಕೆನೆ ಅಮ್ಮ."

"ಹೂವು ಆಮೇಲೆ ಬಿಡಿಸು. ಬೆಣ್ಣೆ ಬಂದೈತೆ, ನೀರು ಹಾಕಿ ತೊಳಿ!"

ಅಮ್ಮ ಆ ಬೆಣ್ಣೆಯನ್ನು ಸಂತೋಷದಿಂದ ಕಾಯಿಸಿ ತುಪ್ಪ ಮಾಡಿಟ್ಟಳು. "ಹುಟ್ಟಿದ ದಿನಕ್ಕೆ ಹೋಳಿಗೆ ಮೇಲೆ ಹಾಕಾಕಾಯ್ತು" ಎಂದಳು. ಕೇಕು ಮಾಡುತ್ತಿರುವಾಗ ಹೋಳಿಗೆ ಯಾತಕ್ಕೆ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು. ಆದರೆ ಹೇಳಲಿಲ್ಲ. ಹೇಳಲು ಗಂಟಲು ಸರಿಮಾಡಿಕೊಳ್ಳಬೇಕಿತ್ತು.

ಹುಟ್ಟುಹಬ್ಬದ ದಿನ ಮಾತ್ರ ಎಲ್ಲವೂ ನನ್ನ ಕಡೆ ಇತ್ತು. ಅಪ್ಪ ಹಾಲಿನ ಕ್ಯಾನಿಗೆ ಐಸು ತುಂಬಿ ಅದರೊಳಗೆ ಮಡಕಶಿರದಿಂದ ಕೇಕಿನ ಕ್ರೀಮು ತಂದುಕೊಟ್ಟ. ಈ ಸಲ ಹಿಟ್ಟನ್ನು ಬೇಗ ಕಲಸಿದೆ. ನನ್ನ ಪಾಲಿಗೆ ಅದು ಕುದುರೆ ಓಟ. ಕೇಕು ಉಬ್ಬಿತು! ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತಿತ್ತು. ನಾನು ಒತ್ತಿ ನೋಡಿದ್ದು ಸ್ವಲ್ಪ ಜಾಸ್ತಿಯೇ ಆಯಿತೇನೋ, ಅಮ್ಮ ಕೈಗೆ ಹೊಡೆದಳು.

ಹಾಲಿನ ಕವರಿನ ಮೂಲೆ ಕತ್ತರಿಸಿ ಕ್ರೀಮು ತುಂಬಿ ರೆಕ್ಕೆ ಬಿಡಿಸಿದೆ. ಉಸಿರು ಬಿಟ್ಟರೆ ಗೆರೆ ಸೊಟ್ಟಗಾದೀತೆಂದು ಒಂದೊಂದು ಗೆರೆಗೂ ಉಸಿರು ಹಿಡಿದೆ. ಸೀತಾಕೋಕಚಿಲುಕಕ್ಕಿಂತ ಮೊದಲು ನಾನೇ ಹಾರಿಹೋಗುವ ಹಾಗಿತ್ತು. ಸುತ್ತ ಚೆರ್ರಿ ಹಣ್ಣು, ದಾಳಿಂಬೆ, ಬಣ್ಣದ ಟೂಟಿ ಫ್ರೂಟಿ. ಕೆಳಗೆ ಹೆಸರು. ಹೆಸರನ್ನು ಕನ್ನಡದಲ್ಲಿ ಬರೆಯಬೇಕೋ ತೆಲುಗಿನಲ್ಲೋ ಎಂಬ ಚಿಂತೆಯೂ ಬಗೆಹರಿಯಿತು. ಕನ್ನಡದಲ್ಲೇ ಬರೆದೆ, ತಲೆಕಟ್ಟು ಸ್ವಲ್ಪ ಜಾರಿ ಅರ್ಧ ಹೆಸರು ತಾನಾಗಿ ತೆಲುಗಾಯಿತು. ಎರಡು ಭಾಷೆಗೂ ಬೇಜಾರಿಲ್ಲ.

ಹಿಂದಕ್ಕೆ ಸರಿದು ನೋಡಿದೆ. ಸತ್ಯವಾಗಿ ಹೇಳುತ್ತೇನೆ, ಚೆನ್ನಾಗಿತ್ತು. ಅರ್ಚನಾಳ ಗೊಂಬೆ ತಲೆ ತಗ್ಗಿಸಬೇಕಿತ್ತು.

ಆದರೆ ಹೊರಗೆ ಬಿಸಿಲು. ಒಂದು ರೆಕ್ಕೆ ಆಗಲೇ ಬೆವರತೊಡಗಿತ್ತು. ಸಂಜೆಯವರೆಗೆ ತಂಪಾದ ಜಾಗ ಬೇಕು. ಅಕ್ಕನ ಫ್ರಿಜ್ಜಿಗೆ ಹೋಗಿ ಅಳತೆ ನೋಡಿದೆ. ಕೇಕಿನ ತಟ್ಟೆ ಒಳಗೆ ಹೋದರೆ ಬಾಗಿಲು ಮುಚ್ಚದು, ಬಾಗಿಲು ಮುಚ್ಚಿದರೆ ಕೇಕು ಅರ್ಧ ಹೊರಗೆ. ಆಗ ಹೊಳೆಯಿತು ನೋಡಿ ಆ ಮಹಾ ಉಪಾಯ. ನಮ್ಮೂರಿನಲ್ಲಿ ಮನುಷ್ಯರಿಗಿಂತ ಸುಖವಾಗಿರುವವರು ಯಾರು? ಹುಳಗಳು! ಕಿಟಕಿಗೆಲ್ಲ ಒದ್ದೆ ಗೋಣಿ, ಗೋಡೆಗೆ ಉಷ್ಣತೆ ತೋರಿಸುವ ಮಾಪಕ, ಇರುವೆಗೆ ಪ್ರವೇಶವಿಲ್ಲ, ನೊಣಕ್ಕೆ ಜಾಲರಿ ಅಡ್ಡ. ರಾಜಮನೆತನದವರಿಗೂ ಇಂಥ ಉಪಚಾರ ಇರಲಿಲ್ಲ.

ನಾಲ್ಕನೇ ಪೊರೆ ಬಿಟ್ಟು ಮೇಯುತ್ತಿದ್ದ ಹುಳಗಳು ಹಣ್ಣಾಗಲು ನನ್ನ ಲೆಕ್ಕದಲ್ಲಿ ಇನ್ನೂ ಒಂದು ದಿನ ಇತ್ತು. ಹುಳ ಮನೆಯ ಮೂಲೆಯಲ್ಲಿ ಒಂದು ಮಣೆ ಹಾಕಿ ಕೇಕು ಇಟ್ಟೆ. ಅದರ ಮೇಲೆ ಏನೂ ಬೀಳದಿರಲೆಂದು ಒಂದು ಖಾಲಿ ಚಂದ್ರಿಕೆಯನ್ನು ಗೋಡೆಗೆ ಓರೆಯಾಗಿ ಒರಗಿಸಿದೆ. ಕೇಕಿಗೊಂದು ಪುಟ್ಟ ಗುಡಾರ! ಇದಕ್ಕಿಂತ ಎಚ್ಚರಿಕೆ ಯಾರು ವಹಿಸುತ್ತಾರೆ ಎಂದುಕೊಂಡು, ಅಕ್ಕನ ಮನೆಯಿಂದ ತಂದ ಬಲೂನುಗಳನ್ನು ನಮ್ಮ ಅಂಗಳದಲ್ಲಿ ಊದಲು ಕೂತೆ.

ಮಧ್ಯಾಹ್ನ ಕಳೆದಿತ್ತು. ಏಣಿಯ ಮೇಲೆ ನಿಂತು ಬಾಯಲ್ಲೊಂದು ದಾರ, ಕೈಯಲ್ಲೊಂದು ಬಲೂನು ಹಿಡಿದಿದ್ದೆ. ಹುಳ ಮನೆಯಿಂದ ಅಮ್ಮನ ಕೂಗು ಬಂತು.

"ಲೇ ತಿಪ್ಪೇಸಾ! ಹಣ್ಣು ಬಿದ್ದವೆ ಕಣ್ಲಾ, ಬಾರ್ಲಾ!"

ಅಯ್ಯೋ, ಚೆರ್ರಿ ಬಿದ್ದಿರಬೇಕು ಎಂದುಕೊಂಡೆ. "ಬಿದ್ರೆ ಬೀಳಲಿ ಬಿಡಮ್ಮ! ಆಮೇಲೆ ಅಂಟಿಸ್ತೀನಿ!"

ಅಮ್ಮನ ತಲೆ ಹುಳ ಮನೆಯ ಬಾಗಿಲಿಂದ ಹೊರಗೆ ಬಂತು.

"ಅಂಟಿಸ್ತೀಯಾ? ಏನ್ಲಾ ಅಂಟಿಸ್ತೀಯ? ಒಂದೇ ಸಮ ಬೀಳ್ತಾ ಅವೆ, ಆರಿಸ್ಬೇಕು ಬಾ!"

"ನೀನೇ ಆರಿಸಿ ಒಂದು ತಟ್ಟೇಲಿ ಹಾಕಿಡಮ್ಮ! ತೊಳೆದು ಮತ್ತೆ ಇಡ್ತೀನಿ!"

ಅಮ್ಮನ ತಲೆ ಒಳಗೆ ಹೋಯಿತು. ಆಮೇಲೆ ಅಮ್ಮ ಅಪ್ಪನಿಗೆ ಹೇಳುವುದು ಕೇಳಿಸಿತು. "ಮಗನಿಗೆ ಬಿಸಿಲು ತಲೆಗೇರೈತೆ. ಹುಳ ತೊಳೀತೀನಿ ಅಂತಾನೆ. ನೀನೇ ಬಾ."

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಆದರೆ ಅದೇ ಹೊತ್ತಿಗೆ ಕೈಯಲ್ಲಿದ್ದ ಬಲೂನು ಢಂ ಎಂದು ಒಡೆದು, ಕೇಳಿದ್ದು ಏನೆಂದು ಯೋಚಿಸದೆ ಹೋದೆ.

ಹಿಂದಿನ ಸಂಜೆ ಅಪ್ಪ ಹುಳಗಳೆಲ್ಲ ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿಗೆ ಔಷಧಿ ಚಿಮುಕಿಸಿದ್ದನಂತೆ. ನನಗೆ ಹೇಳಿದ್ದನಂತೆ. ನಾನು ತಟ್ಟೆಯ ಮೇಲೆ ಗೋಧಿ ಹಿಟ್ಟಿನಲ್ಲಿ ರೆಕ್ಕೆ ಬಿಡಿಸಿ ಕೈ ಪಳಗಿಸುತ್ತ "ಹೂಂ" ಎಂದಿದ್ದೆನಂತೆ.

ಹುಳ ಮನೆಯಲ್ಲಿ ಓರೆಯಾಗಿ ನಿಲ್ಲಿಸಿದ ಚಂದ್ರಿಕೆ ಎಂದರೆ ಒಂದೇ ಅರ್ಥ: ತಯಾರಾಗಿದೆ, ಹಣ್ಣು ಹುಳ ಬಿಡಿ. ಮಗ ಮೊದಲೇ ಒಂದು ನಿಲ್ಲಿಸಿದ್ದಾನಲ್ಲ, ಪರವಾಗಿಲ್ಲ ಬುದ್ಧಿ ಐತೆ ಎಂದು ಅಮ್ಮ ಮೆಚ್ಚಿಕೊಂಡೇ ಅದರ ಮೇಲೆ ಬೊಗಸೆ ಬೊಗಸೆ ಹುಳ ಬಿಟ್ಟಿದ್ದಾಳೆ. ಹಿಂದೆ ಗುಡಾರದಲ್ಲಿ ಕೇಕು ಇರುವುದು ಆ ಮಬ್ಬಿನಲ್ಲಿ ಕಂಡಿಲ್ಲ. ಅಂಚು ಹತ್ತಿ ಇಳಿದ ಹುಳಗಳಿಗೆ ಕಂಡಿದೆ.

ಸಂಜೆ ವ್ಯಾನಿನ ಮಕ್ಕಳೆಲ್ಲ ನಮ್ಮ ಮನೆಗೆ ಬಂದರು. ಅರ್ಚನಾ ಹೊಳೆಯುವ ಫ್ರಾಕು ಹಾಕಿಕೊಂಡು ಮುಂದೆಯೇ ಕೂತಳು. ನಾನು ಅಷ್ಟು ಜನರನ್ನು ನೋಡಿ ಬಾಗಿಲ ಹಿಂದೆ ನಿಂತೆ. "ಹುಳ ಮನೆಯಿಂದ ಕೇಕು ತಾರೋ" ಎಂದಳು ಅಕ್ಕ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಭಾವ "ನಾನು ತತ್ತೀನಿ, ನೀನು ನಾಚ್ಕೊಂಡು ಬೀಳಿಸ್ತೀಯ" ಎಂದು ಹೊರಟೇಬಿಟ್ಟರು.

ತಂದವರು ಮೇಜಿನ ಮೇಲಿಟ್ಟು ಬೆನ್ನು ತಟ್ಟಿದರು.

"ಭೇಷ್ ಬಾಮೈದ! ಅದೇನು, ಹಳ್ದಿಗೆ ಉದ್ದುದ್ದಕೆ ಬೆರಳಿನಂಗೆ ಇಟ್ಟಿದ್ದೀಯಲ್ಲ, ಅದೇ ಚೆನ್ನಾಗಿರೋದು."

ಬೆರಳೇ? ನಾನು ಬೆರಳು ಯಾವಾಗ ಬಿಡಿಸಿದೆ?

ಮೀನಾಳ ಮುಂದೆ ಮೇಣದಬತ್ತಿ ಹಚ್ಚಿದರು. ಮಕ್ಕಳು ಚಪ್ಪಾಳೆಗೆ ಕೈ ಎತ್ತಿದರು. ಬತ್ತಿಯ ಬಿಸಿಗೆ ಚೆರ್ರಿ ಹಣ್ಣಿನ ಪಕ್ಕದ ಒಂದು ಬೆರಳು ಮೆಲ್ಲಗೆ ತಲೆ ಎತ್ತಿ ಅತ್ತಿತ್ತ ನೋಡಿತು. ಆಮೇಲೆ ಇನ್ನೊಂದು. ಬಲಗಡೆಯ ರೆಕ್ಕೆಯ ಮೇಲೆ ಒಂದು ಆಗಲೇ ನೂಲು ಬಿಡುತ್ತ, ದಾಳಿಂಬೆ ಕಾಳಿಗೂ ಮೀನಾಕ್ಷಿಯ ದೀರ್ಘಕ್ಕೂ ಸೇತುವೆ ಕಟ್ಟುತ್ತಿತ್ತು.

"ಅಮ್ಮಾ" ಎಂದಳು ಅರ್ಚನಾ. "ಕೇಕು ಕದಲ್ತೈತೆ."

ನನಗೆ ಮೀನಾಳ ಮುಖವೊಂದೇ ಕಾಣುತ್ತಿತ್ತು. ಅವಳ ಕೆಳತುಟಿ ಮುಂದೆ ಬಂತು. ಹೋದ ವರ್ಷ ಅಳುವ ಮೊದಲೂ ಹೀಗೆಯೇ ಬಂದಿತ್ತು. ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳು ಬಗ್ಗಿದಳು. ಹುಳವನ್ನು ನೋಡಿದಳು. ರೆಕ್ಕೆಯನ್ನು ನೋಡಿದಳು. ಮತ್ತೆ ಹುಳವನ್ನು ನೋಡಿದಳು.

"ಏಯ್!" ಎಂದು ಕಿರುಚಿದಳು. "ನಮ್ಮ ಮಿಸ್ ಹೇಳಿದ್ದು! ಮೊದಲು ಹುಳ, ಆಮೇಲೆ ಗೂಡು, ಆಮೇಲೆ ಸೀತಾಕೋಕಚಿಲುಕ! ನಮ್ಮ ಮಾಮ ನಿಜವಾದ್ದು ಮಾಡವ್ನೆ! ಜೀವ ಇರೋ ಕೇಕು!"

ಎದ್ದ ಗದ್ದಲ ಏನು ಹೇಳಲಿ! ಮಕ್ಕಳು ಮೇಜಿಗೆ ಮುತ್ತಿದರು. ಅರ್ಚನಾ ಎಲ್ಲರಿಗಿಂತ ಮುಂದೆ. ಅಷ್ಟರಲ್ಲಿ ಅಮ್ಮ ಅಡುಗೆ ಮನೆಯಿಂದ ಓಡಿ ಬಂದು, "ಅಯ್ಯೋ ನನ್ನ ಹಣ್ಣು! ಮೈಗೆಲ್ಲಾ ಬೆಣ್ಣೆ ಮೆತ್ಕೊಂಡವಲ್ಲೋ!" ಎಂದು ಹುಳಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. "ಅಂಟಿಸ್ತೀನಿ ಅಂದ್ಯಲ್ಲ, ಇದೇನೇನ್ಲಾ ಅಂಟಿಸಿದ್ದು?"

ಆಗ ನನಗೆ ಎಲ್ಲ ಅರ್ಥವಾಯಿತು. ಬಿದ್ದದ್ದು ಯಾವ ಹಣ್ಣು ಎಂಬುದೂ.

ಭಾವ ದೊಡ್ಡ ಮನಸ್ಸಿನವರು. ನನ್ನ ಮುಖ ಬಾಡಿದ್ದನ್ನು ನೋಡಲಾರದೆ ಹೋದರು. "ಹುಳ ಇಳಿದ್ವು, ಗಾಡಿ ಐತಲ್ಲ! ಹುಡುಗ ಕಷ್ಟ ಬಿದ್ದು ಮಾಡವ್ನೆ, ದಂಡ ಮಾಡ್ತಾರಾ?" ಎಂದು ರೆಕ್ಕೆಯ ಕಡೆಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಅಂಗಿ ಎಳೆದುಕೊಂಡೆ. ಗಂಟಲು ಸರಿಮಾಡಿಕೊಂಡೆ.

"ಭಾವ..."

"ಚೆನ್ನಾಗೈತೆ ಕಣಪ್ಪ, ಹೆದರ್ಕೋಬ್ಯಾಡ."

"ಅಲ್ಲ ಭಾವ, ಹಣ್ಣಾದ ಹುಳ ಗೂಡು ಕಟ್ಟೋಕೆ ಮುಂಚೆ..."

"ಹೂಂ" ಎಂದು ಇನ್ನೊಂದು ತುಂಡು ಮುರಿದರು.

"ಒಂದು ಸಲ..."

"ಹೇಳಪ್ಪ, ಕೇಳ್ತಾ ಇದೀನಿ."

"ಹೊಟ್ಟೇಲಿರೋದೆಲ್ಲ ಖಾಲಿ ಮಾಡ್ಕೊಂಡು ಒಂದು ಹನಿ ನೀರು ಬಿಡ್ತದೆ."

ಭಾವನ ದವಡೆ ನಿಂತಿತು. "ಎಲ್ಲಿ ಬಿಡ್ತದೆ?"

"ಎಲ್ಲಿ ಕೂತಿರ್ತದೋ ಅಲ್ಲೇ."

ಎರಡನೇ ತುಂಡು ಆಗಲೇ ಗಂಟಲು ದಾಟಿತ್ತು. ಭಾವ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

"ಲೋ ಬಾಮೈದ! ಸ್ಟಾಪು ದಾಟಿದ ಮೇಲೆ ಹೋಲ್ಡಾನ್ ಅಂತೀಯಲ್ಲೋ!" ಎಂದವರೇ ಬಚ್ಚಲಿಗೆ ನಾನ್‌ಸ್ಟಾಪ್ ಹೋದರು.

ಇನ್ನು ಕತ್ತರಿಸಲು ಏನಿದೆ? ಮೀನಾ ಚಾಕು ಹಿಡಿದು ಕಾದಿದ್ದಳು. ಅಮ್ಮ ಒಳಗೆ ಹೋಗಿ, ತಟ್ಟೆಯಲ್ಲಿ ಒಂದರ ಮೇಲೊಂದು ಹೋಳಿಗೆ ಪೇರಿಸಿ, ನಾನು ಕಡೆದು ಕೆಡಿಸಿದ ಕೆನೆಯ ತುಪ್ಪ ಸುರಿದು ತಂದಿಟ್ಟಳು. ಅಕ್ಕ ಮೇಲೆ ಮೇಣದಬತ್ತಿ ಚುಚ್ಚಿದಳು. ಅರ್ಚನಾ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ, ಬೆರಳು ಮಡಿಸುತ್ತ ಹೋಗಿ, ಬೆರಳು ಸಾಲದೆ ಬಿಟ್ಟುಬಿಟ್ಟಳು.

"ಇಷ್ಟೊಂದು ಸ್ಟೆಪ್ಪಾ!" ಎಂದಳು.

ಮೀನಾ ಬೆನ್ನು ನೆಟ್ಟಗೆ ಮಾಡಿ ಹೋಳಿಗೆ ಕತ್ತರಿಸಿದಳು. ಆ ಬೆನ್ನು ನೋಡಿಯೇ ನನಗೆ ಹೊಟ್ಟೆ ತುಂಬಿತು.

ಹೋಗುವಾಗ ಮಕ್ಕಳು ಚಾಕಲೇಟು ಬೇಡವೆಂದರು. ಹುಳ ಬೇಕೆಂದರು. ಅಮ್ಮ ಗೊಣಗುತ್ತಲೇ ಒಬ್ಬೊಬ್ಬರಿಗೆ ಒಂದೊಂದು ಹಣ್ಣು ಹುಳವನ್ನು ಕಾಗದದ ಲೋಟಕ್ಕೆ ಹಾಕಿ, ಮೇಲೊಂದು ಒಣ ಕಡ್ಡಿ ಇಟ್ಟು ಕೊಟ್ಟಳು. ಕೇಕನ್ನು ಯಾರೂ ತಿರುಗಿ ನೋಡಲಿಲ್ಲ. "ಹುಳ ಸಹ ಒಂದು ತುತ್ತು ತಿಂದಿಲ್ಲ ನೋಡು" ಎಂದ ಅಪ್ಪ. ಹಣ್ಣಾದ ಹುಳ ಏನನ್ನೂ ತಿನ್ನುವುದಿಲ್ಲ, ಅದು ನನ್ನ ಕೇಕಿನ ತಪ್ಪಲ್ಲ ಎಂದು ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಪ್ಪ ಹೋಗಿದ್ದ.

ಲೋಟಗಳಲ್ಲಿ ಹುಳಗಳು ಗೂಡು ಕಟ್ಟಿದವು. ಗೂಡುಗಳು ವ್ಯಾನು ಹತ್ತಿ ಸ್ಕೂಲಿಗೂ ಹೋದವು. ಮೊನ್ನೆ ಬೆಳಿಗ್ಗೆ ಮೀನಾಳನ್ನು ವ್ಯಾನಿಗೆ ಹತ್ತಿಸಲು ಹೋಗಿದ್ದೆ. ಮೆಟ್ಟಿಲ ಮೇಲೆ ನಿಂತು ಅವಳು ತಿರುಗಿದಳು.

"ಮಾಮ, ನಮ್ಮ ಮಿಸ್ ನಿನ್ನ ಸ್ಕೂಲಿಗೆ ಕರೆದವ್ರೆ. ಸೀತಾಕೋಕಚಿಲುಕದ ಪಾಠ ನೀನೇ ಹೇಳ್ಬೇಕಂತೆ. ಎಲ್ಲರ ಮುಂದೆ ನಿಂತ್ಕೊಂಡು."

ಎಲ್ಲರ ಮುಂದೆ! ನಾನು ಅಂಗಿ ಎಳೆದುಕೊಂಡೆ. "ನಾನು ಬರಲ್ಲ" ಎನ್ನಲು ಗಂಟಲು ಸರಿಮಾಡಿಕೊಂಡೆ. ವ್ಯಾನು ಹೊರಟಿತು.

"ಬತ್ತಾನೆ ಅಂತ ನಾನು ಆಗ್ಲೇ ಹೇಳ್ಬಿಟ್ಟೆ!" ಎಂದಳು ಮೀನಾ ಕಿಟಕಿಯಿಂದ. ವ್ಯಾನು ತಿರುವಿನಲ್ಲಿ ಮರೆಯಾಗುವ ಮೊದಲು ಮತ್ತೆ ಅವಳ ತಲೆ ಹೊರಗೆ ಬಂತು.

"ಮಾಮಾ! ಹುಳ ಎಷ್ಟಾದ್ರೂ ತರಬೌದಂತೆ! ಕೇಕು ಮಾತ್ರ ಬ್ಯಾಡವಂತೆ!"